ಲ್ಯಾಪ್‌ಟಾಪನ್ನು ನಿಮ್ಮ ಮುಂದೆಯೇ ಬಿಚ್ಚಿಸಿ ನೋಡಿ

ಎರಡು ತಿಂಗಳು ನನ್ನ ಲ್ಯಾಪ್‌ಟಾಪಿನ ಫ್ಯಾನ್ ನಿಲ್ಲಲೇ ಇಲ್ಲ. ಬೆಳಿಗ್ಗೆ ಆನ್ ಮಾಡಿದ ಐದು ನಿಮಿಷಕ್ಕೆ ಶುರುವಾದರೆ ರಾತ್ರಿ ಮುಚ್ಚುವವರೆಗೂ ಒಂದೇ ಸಮ ಸದ್ದು. ಮೀಟಿಂಗಿನಲ್ಲಿ ನನ್ನ ಮಾತಿಗಿಂತ ಅದೇ ಜಾಸ್ತಿ ಕೇಳಿಸುತ್ತಿತ್ತು. ಒಂದು ದಿನ ಅಮ್ಮ ರೇಷ್ಮೆ ಹುಳು ಮನೆಯಿಂದ ಬಂದವರು, "ಅದ್ಯಾಕಪ್ಪಾ ಹಂಗೆ ಏದುಸಿರು ಬಿಡ್ತೈತೆ?" ಅಂತ ಕೇಳಿದರು.

ನಮ್ಮದು ಶಿಡ್ಲಘಟ್ಟದ ಹತ್ತಿರದ ಹಳ್ಳಿ. ಮನೆಗೆ ಅಂಟಿಕೊಂಡೇ ರೇಷ್ಮೆ ಹುಳು ಸಾಕುವ ಕೋಣೆ ಇದೆ. ವಾರಕ್ಕೆ ಮೂರು ದಿನ ಬೆಂಗಳೂರಿಗೆ ಹೋಗುತ್ತೇನೆ, ಉಳಿದ ದಿನ ಇಲ್ಲಿಂದಲೇ ಕೆಲಸ.

ಮೊದಲು ತೋರಿಸಿದ ಅಂಗಡಿಯವರು ಲ್ಯಾಪ್‌ಟಾಪನ್ನು ಬಿಚ್ಚಲೇ ಇಲ್ಲ. ಕಿವಿ ಇಟ್ಟು ಕೇಳಿ, "ಫ್ಯಾನ್ ಹೋಗಿದೆ, ಮೂರೂವರೆ ಸಾವಿರ ಆಗುತ್ತೆ. ನಾಲ್ಕು ವರ್ಷ ಹಳೇದು, ಹೊಸದೇ ತಗೊಳ್ಳಿ ಸಾರ್" ಅಂದುಬಿಟ್ಟರು. ನನಗೆ ಬೇಜಾರಾಗಿದ್ದು ದುಡ್ಡಿಗಲ್ಲ. ನೋಡದೆಯೇ ಹೇಳಿದರಲ್ಲ, ಅದಕ್ಕೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮಕ್ಕಳ ಓದಿಗೆ ಅಂತ ಗೂಡು ಮಾರಿದ ದುಡ್ಡಲ್ಲಿ ಲ್ಯಾಪ್‌ಟಾಪ್ ತರುತ್ತಾರೆ. ಅವರಿಗೂ ಇದೇ ಮಾತು ಹೇಳಿ ಕಳಿಸಿದರೆ?

ಫ್ಯಾನ್ ಬಿಡದೆ ಓಡುತ್ತಿದೆ ಅಂದ ಮಾತ್ರಕ್ಕೆ ಅದು ಕೆಟ್ಟಿದೆ ಅಂತಲ್ಲ. ಕೆಟ್ಟ ಫ್ಯಾನ್ ಕಟಕಟ ಅನ್ನುತ್ತದೆ, ಇಲ್ಲವೇ ತಿರುಗುವುದೇ ಇಲ್ಲ. ಬಿಡದೆ ಓಡುವ ಫ್ಯಾನ್ ಸಾಮಾನ್ಯವಾಗಿ ತನ್ನ ಕೆಲಸ ಮಾಡುತ್ತಾ ಇರುತ್ತದೆ. ಒಳಗೆ ಬಿಸಿ ಇಳಿಯುತ್ತಿಲ್ಲ, ಅಷ್ಟೆ. ಪ್ರೊಸೆಸರ್, ಅಂದರೆ ಕೆಲಸವೆಲ್ಲ ಮಾಡುವ ಮುಖ್ಯ ಚಿಪ್, ಅದರ ಬಿಸಿ ತಾಮ್ರದ ಕೊಳವೆಯಲ್ಲಿ ಹಾದು, ಅಂಚಿನಲ್ಲಿರುವ ತೆಳು ಲೋಹದ ರೆಕ್ಕೆಗಳಿಗೆ ಬರುತ್ತದೆ. ಫ್ಯಾನ್ ಆ ರೆಕ್ಕೆಗಳ ನಡುವೆ ಗಾಳಿ ನುಗ್ಗಿಸಿ ಬಿಸಿಯನ್ನು ಆಚೆ ತಳ್ಳುತ್ತದೆ. ಆ ಸಂದು ಮುಚ್ಚಿಹೋದರೆ ಫ್ಯಾನ್ ಎಷ್ಟು ತಿರುಗಿದರೂ ಪ್ರಯೋಜನ ಇಲ್ಲ. ಬಿಸಿ ಮಿತಿ ಮೀರುವ ಹೊತ್ತಿಗೆ, ಎಷ್ಟೋ ಇಂಟೆಲ್ ಚಿಪ್‌ಗಳಲ್ಲಿ ಅದು 100 ಡಿಗ್ರಿ, ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತದೆ. ಆಗ ನಾವು ಲ್ಯಾಪ್‌ಟಾಪ್ ಸ್ಲೋ ಆಯ್ತು ಅಂತ ಬೈಯುತ್ತೇವೆ.

ಮನೆಗೆ ಬಂದು ಮೊದಲು ದುಡ್ಡು ಖರ್ಚಾಗದ ಕೆಲಸ ಮಾಡಿದೆ. ವಿಂಡೋಸಿನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅಲ್ಲಿ ಸಿಪಿಯು ಅನ್ನುವ ತಲೆಬರಹದ ಮೇಲೆ ಒತ್ತಿದರೆ ಪ್ರೊಸೆಸರನ್ನು ಯಾವುದು ಜಾಸ್ತಿ ದುಡಿಸುತ್ತಿದೆ ಅಂತ ಗೊತ್ತಾಗುತ್ತದೆ. ನನ್ನದರಲ್ಲಿ ಬ್ರೌಸರಿನ ಒಂದು ಟ್ಯಾಬ್ ಹಿಂದೆಯೇ ಕೂತು ಕೆಲಸ ಮಾಡುತ್ತಿತ್ತು. ಮುಚ್ಚಿದೆ. ಪವರ್ ಸೆಟ್ಟಿಂಗಿನಲ್ಲಿ ಪ್ರೊಸೆಸರಿನ ಗರಿಷ್ಠ ಮಿತಿಯನ್ನು ಶೇಕಡಾ 100ರಿಂದ 99ಕ್ಕೆ ಇಳಿಸಿದೆ. ಒಂದೇ ಅಂಕಿ, ಆದರೆ ಟರ್ಬೋ ಅನ್ನುವ ಹೆಚ್ಚುವರಿ ವೇಗ ನಿಂತು ಬಿಸಿ ಇಳಿಯುತ್ತದೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಈ ಆಯ್ಕೆ ಕಾಣುವುದಿಲ್ಲ. ಹಾಸಿಗೆ ಮೇಲಿಂದ ಮೇಜಿಗೂ ತಂದೆ. ಸದ್ದು ಸ್ವಲ್ಪ ತಗ್ಗಿತು, ನಿಲ್ಲಲಿಲ್ಲ. ಏನೂ ಓಡದೆ ಇದ್ದಾಗಲೂ ಬಿಸಿ ಅಂದರೆ ಒಳಗೇ ಏನೋ ಇದೆ ಅಲ್ವಾ?

ಚಿಕ್ಕಬಳ್ಳಾಪುರದ ಬಿಬಿ ರಸ್ತೆ ಕಡೆ ಒಬ್ಬ ಹುಡುಗ ಸಿಕ್ಕಿದ. "ಇಲ್ಲೇ ಕೂತ್ಕೊಳ್ಳಿ ಅಣ್ಣಾ, ನೋಡೋಣ" ಅಂತ ನನ್ನ ಮುಂದೆಯೇ ಹಿಂಬದಿ ಬಿಚ್ಚಿದ. ಧೂಳು ಕಪ್ಪಗೆ ಇರುತ್ತದೆ ಅಂದುಕೊಂಡಿದ್ದೆ. ಬೆಳ್ಳಗಿತ್ತು. ಫ್ಯಾನಿಗೂ ರೆಕ್ಕೆಗಳಿಗೂ ನಡುವೆ ಬಟ್ಟೆ ತುಂಡಿನಂತೆ ಗಟ್ಟಿಯಾಗಿ ಕೂತಿತ್ತು. ನೋಡಿದ ತಕ್ಷಣ ಗೊತ್ತಾಯಿತು. ಸುಣ್ಣ! ಹುಳುಗಳು ಜ್ವರಕ್ಕೆ ಕೂತಾಗ, ಅಂದರೆ ಪೊರೆ ಕಳಚಲು ಅಲುಗಾಡದೆ ಕೂತಾಗ, ಸೊಪ್ಪು ಹಾಕುವುದಿಲ್ಲ, ಹಾಸು ಒಣಗಿರಲಿ ಅಂತ ಸುಣ್ಣದ ಪುಡಿ ಉದುರಿಸುತ್ತೇವೆ. ನನ್ನ ಮೇಜು ಇದ್ದದ್ದು ಆ ಕೋಣೆಯ ಬಾಗಿಲ ಪಕ್ಕದಲ್ಲೇ.

ಹೊರಗಿನಿಂದ ಗಾಳಿ ಊದಿದ್ದರೆ ಇದು ಬರುತ್ತಿರಲಿಲ್ಲ, ಇನ್ನೂ ಒಳಗೆ ಒತ್ತಿಕೊಳ್ಳುತ್ತಿತ್ತು. ಅವನು ಬ್ಯಾಟರಿ ಕನೆಕ್ಷನ್ ತೆಗೆದು, ಫ್ಯಾನ್ ತಿರುಗದಂತೆ ಕಡ್ಡಿಯಿಂದ ಹಿಡಿದು, ಬ್ರಷ್ಷಿನಲ್ಲಿ ಬಿಡಿಸಿದ. ಹಾಗೆ ಹಿಡಿಯದೆ ಜೋರಾಗಿ ಗಾಳಿ ಬಿಟ್ಟರೆ ಫ್ಯಾನ್ ವಿಪರೀತ ತಿರುಗಿ ಬೇರಿಂಗ್ ಹಾಳಾಗಬಹುದು. ಪ್ರೊಸೆಸರಿನ ಬಿಸಿಯನ್ನು ತಾಮ್ರಕ್ಕೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿ ಹೋಗಿತ್ತು, ಅದನ್ನು ಒರೆಸಿ ಹೊಸದು ಹಚ್ಚಿದ. ಫ್ಯಾನ್ ಅದೇ ಹಳೇದು. ತಗೊಂಡದ್ದು ಆರುನೂರು ರೂಪಾಯಿ.

ರಿಪೇರಿ ಅಂಗಡಿಯವರಿಗೆ ನನ್ನ ಕೋರಿಕೆ ಇದೊಂದೇ: ಬಿಚ್ಚಿ ತೋರಿಸಿ, ಆಮೇಲೆ ರೇಟು ಹೇಳಿ. ರಿಪೇರಿಗೆ ಕೊಡುವ ನಾವೂ ಅಷ್ಟೇ, ಬಿಚ್ಚಿ ತೋರಿಸಿ ಅಂತ ಕೇಳಬೇಕು. ವಾರಂಟಿ ಇದ್ದರೆ ಮಾತ್ರ ಕಂಪನಿಯ ಸರ್ವಿಸ್ ಸೆಂಟರಿಗೇ ಹೋಗಿ. ಬ್ಯಾಟರಿ ಉಬ್ಬಿದ್ದರೆ ಮನೆಯಲ್ಲಿ ಕೈ ಹಾಕಲೇಬೇಡಿ.

ದೊಡ್ಡ ಹುಳುಗಳಿಗೆ ಕೋಣೆ 25 ಡಿಗ್ರಿ ಆಸುಪಾಸು ಇರಬೇಕು ಅಂತ ಅಮ್ಮ ಗೋಡೆಯ ಥರ್ಮಾಮೀಟರ್ ನೋಡುತ್ತಲೇ ಇರುತ್ತಾರೆ. ಬಿಸಿ ಏರಿದರೆ ಕಿಟಕಿ ತೆಗೆಯುತ್ತಾರೆ, ಗೋಣಿಚೀಲ ನೆನೆಸಿ ಕಟ್ಟುತ್ತಾರೆ. ಅಷ್ಟು ನಿಗಾ ನನ್ನ ಅನ್ನದ ಯಂತ್ರಕ್ಕೆ ನಾನು ಕೊಟ್ಟಿರಲಿಲ್ಲ. ಈಗ ಮೇಜು ಬೀದಿ ಕಡೆಯ ಕೋಣೆಗೆ ಬಂದಿದೆ. ವಿಡಿಯೋ ಕಾಲ್ ಇದ್ದಾಗ ಫ್ಯಾನ್ ಓಡುತ್ತದೆ, ಮುಗಿದ ಮೇಲೆ ನಿಲ್ಲುತ್ತದೆ.

ಇವತ್ತು ಹುಳುಗಳು ಮೂರನೇ ಜ್ವರಕ್ಕೆ ಕೂತಿವೆ. ಅಮ್ಮ ಸುಣ್ಣದ ಡಬ್ಬಿ ತಗೊಂಡು ಒಳಗೆ ಹೋದರು. ಲ್ಯಾಪ್‌ಟಾಪ್ ಬ್ಯಾಗಿನಲ್ಲಿದೆ, ಇದನ್ನು ಫೋನಿನಲ್ಲಿ ಬರೆಯುತ್ತಿದ್ದೇನೆ.