ಗೋದಲಿಗೆ ಪ್ರಥಮ ಬಹುಮಾನ

ಡಿಸೆಂಬರ್ ಎರಡನೇ ವಾರ ಬಂತೆಂದರೆ ಮಂಗಳೂರು ಕಡೆಯ ಕೆಲವು ಕ್ರೈಸ್ತ ಮನೆಗಳಲ್ಲಿ ಮೊದಲು ಎಬ್ಬಿಸುವುದು ಅಜ್ಜಿಯನ್ನು. ಹಾಲ್‌ನಲ್ಲಿ ಆರಡಿ ಉದ್ದ, ಮೂರಡಿ ಅಗಲದ ಜಾಗ ಅವರ ಮಂಚದ ಅಡಿಯಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ಚರ್ಚ್ ವಾರ್ಡಿನ ಗೋದಲಿ ಸ್ಪರ್ಧೆಗೆ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ ಕಟ್ಟುವ ಸ್ಪರ್ಧೆಗೆ, ಬೇಕಾದದ್ದೂ ಅಷ್ಟೇ. "ಜನವರಿ ಆರರವರೆಗೆ ಸ್ವಲ್ಪ ಸುಧಾರಿಸಿ ಮಾಂಯ್" ಎಂದು ಮಂಚ ಹಿಂದಿನ ಜಗಲಿಗೆ ಹೋಗುತ್ತದೆ. "ಛತ್ರದಲ್ಲಿ ಅವರಿಗೆ ಸ್ಥಳವಿರಲಿಲ್ಲ" ಎಂಬ ಲೂಕನ ಸುವಾರ್ತೆಯ ಸಾಲನ್ನು ಆ ಮನೆಯ ಮಗ ಕಾರ್ಡ್‌ಬೋರ್ಡ್ ಮೇಲೆ ಚಂದದ ಅಕ್ಷರದಲ್ಲಿ ಬರೆದು ಅಲ್ಲೇ ಅಂಟಿಸುತ್ತಾನೆ. ಬರಹಕ್ಕೂ ಅಂಕವಿದೆ.

ಇನ್ನು ಕಾಮಗಾರಿ. ಗುಡ್ಡಕ್ಕೆ ಹಳೇ ಸಿಮೆಂಟ್ ಚೀಲದ ಕಾಗದ, ಮೈದಾ ಅಂಟು ಸಾಕು. ಅಂಟಿಗೆ ಚಿಟಿಕೆ ಮೈಲುತುತ್ತು ಹಾಕದಿದ್ದರೆ ಬೇತ್ಲೆಹೇಮಿಗೆ ಕುರುಬರಿಗಿಂತ ಮೊದಲು ಜಿರಳೆ ಬರುತ್ತದೆ. ಆದರೆ ಕಾಗದದ ಗುಡ್ಡಕ್ಕೆ ಈಗ ಬಹುಮಾನ ಎಲ್ಲಿ? ಥರ್ಮಾಕೋಲ್ ಬೇಕು. ಅದಕ್ಕೆ ನೇರವಾಗಿ ಸ್ಪ್ರೇ ಪೇಂಟ್ ಹೊಡೆಯುವವರು ಪ್ರತಿ ವರ್ಷ ಸಿಗುತ್ತಾರೆ. ಪೇಂಟಿನ ದ್ರಾವಕ ಥರ್ಮಾಕೋಲನ್ನು ಕರಗಿಸಿ, ಹತ್ತು ನಿಮಿಷದಲ್ಲಿ ಗುಡ್ಡ ಕುಸಿಯುತ್ತದೆ. ಮೊದಲು ನೀರಿನ ಪ್ರೈಮರ್ ಎರಡು ಕೋಟ್ ಕೊಟ್ಟು ಒಣಗಿಸಬೇಕು.

ಹಸಿರಿಗೆ ರಾಗಿ. ರಾತ್ರಿ ನೆನೆಸಿ, ತಟ್ಟೆಯ ತೆಳು ಮಣ್ಣಿನಲ್ಲಿ ಹತ್ತು ಹನ್ನೆರಡು ದಿನ ಮೊದಲು ಬಿತ್ತಬೇಕು. ಉತ್ಸಾಹ ಹೆಚ್ಚಾಗಿ ತಿಂಗಳ ಮೊದಲೇ ಬಿತ್ತಿದರೆ ಹಬ್ಬದ ಹೊತ್ತಿಗೆ ಪೈರು ಅಡ್ಡ ಮಲಗುತ್ತದೆ. ಮಕ್ಕಳ ಕೈಗೆ ಉಳಿದಿರುವ ಕೆಲಸ ಇದೊಂದೇ. ಉಳಿದದ್ದನ್ನು ಮುಟ್ಟಿದರೆ ಅಪ್ಪ ಗದರುತ್ತಾರೆ.

ಜಲಪಾತವಿಲ್ಲದೆ ಯೇಸು ಹುಟ್ಟುವಂತಿಲ್ಲ. ಅಕ್ವೇರಿಯಂ ಪಂಪ್ ತಂದು ಬಕೆಟ್ಟಿನಲ್ಲಿ ಪೂರ್ತಿ ಮುಳುಗಿಸಿ. ನೀರು ತಗ್ಗಿದರೆ ಮೋಟಾರು ಸುಡುತ್ತದೆ. ನಾಲ್ಕಡಿ ಎತ್ತುತ್ತದೆಂದು ಡಬ್ಬದ ಮೇಲಿದ್ದರೆ ಎರಡಡಿಯ ಗುಡ್ಡ ಕಟ್ಟಿ, ಏಕೆಂದರೆ ನಾಲ್ಕಡಿಯಲ್ಲಿ ಹನಿಯೂ ಬೀಳದು. ತೊಟ್ಟಿಯ ಕೆಳಗೆ ಪ್ಲಾಸ್ಟಿಕ್ ಹಾಸದಿದ್ದರೆ ನೀರು ಸೀದಾ ಮರಿಯಳ ಗಂಡ ಯೋಸೇಫನ ಕಾಲಿಗೆ ಹೋಗುತ್ತದೆ. ಪ್ಲಾಸ್ಟರ್ ಆಫ್ ಪ್ಯಾರಿಸ್ ಯೋಸೇಫ ಒದ್ದೆಯಾದರೆ ಪಾದದಿಂದ ಮೆತ್ತಗಾಗುತ್ತಾ ಬರುತ್ತಾನೆ. ಪಾಪ, ಸುವಾರ್ತೆಯಲ್ಲಿ ಒಂದು ಮಾತೂ ಆಡದ ಮನುಷ್ಯ, ಇಲ್ಲೂ ಸುಮ್ಮನೆ ಕರಗುತ್ತಾನೆ.

ತೀರ್ಪುಗಾರರು 22ಕ್ಕೇ ಬರುತ್ತಾರೆಂದು ವಾರ್ಡಿನ ಮುಖಂಡರಾದ ಗುರಿಕಾರರು ಹೇಳಿದರೆ 24ರ ಮಧ್ಯರಾತ್ರಿ ಮಲಗಿಸಬೇಕಾದ ಮಗುವನ್ನು ಎರಡು ದಿನ ಮುಂಚೆ ಹುಟ್ಟಿಸಬೇಕಾಗುತ್ತದೆ. ಸಿಸೇರಿಯನ್‌ಗೆ ಮುಹೂರ್ತ ನೋಡುವ ನಾಡಿನಲ್ಲಿ ಇದೇನು ಮಹಾ.

ವಿಷಯಶುದ್ಧಿಯ ಬಗ್ಗೆ ಮಾತ್ರ ತೀರ್ಪುಗಾರರು ಬಹಳ ಕಟ್ಟುನಿಟ್ಟು. ಎತ್ತು, ಕತ್ತೆ ಎಡಬಲಕ್ಕೆ ಇರದಿದ್ದರೆ ಅಂಕ ಕಡಿತ. ಯೇಸುವಿನ ಜನನದ ಸುವಾರ್ತೆಯಲ್ಲಿ ಇವೆರಡರ ಸುದ್ದಿಯೇ ಇಲ್ಲ, ಹಳೆ ಒಡಂಬಡಿಕೆಯ ಯೆಶಾಯನ ಪುಸ್ತಕದ ಮೊದಲ ಅಧ್ಯಾಯದಿಂದ ನಡೆದು ಬಂದ ಪ್ರಾಣಿಗಳವು. ಮಗುವನ್ನು ನೋಡಲು ಬಂದ ಜ್ಞಾನಿಗಳು ಮೂವರೇ ಇರಬೇಕು. ಮತ್ತಾಯ ಮೂರು ಕಾಣಿಕೆ ಲೆಕ್ಕ ಕೊಟ್ಟಿದ್ದಾನೆಯೇ ಹೊರತು ತಲೆ ಎಣಿಸಿಲ್ಲ. ಅವರು ಬಂದದ್ದೂ ಕೊಟ್ಟಿಗೆಗಲ್ಲ, ಮನೆಗೆ. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಒಂದಿಷ್ಟು ಹುಲ್ಲು, ಒಂದು ಎತ್ತು, ಒಂದು ಕತ್ತೆ ಇಟ್ಟು ಬಡತನ ತೋರಿಸಿದರಂತೆ. ನಮ್ಮ ಅಂಕದ ಹಾಳೆಯಲ್ಲಿ ಅವರಿಗೆ ಸಮಾಧಾನಕರ ಬಹುಮಾನವೂ ಸಿಗುತ್ತಿರಲಿಲ್ಲ. ಲೈಟಿಂಗ್ ಸೊನ್ನೆ.

ಈ ವರ್ಷದ ವಿಷಯ 'ಪವಿತ್ರ ಕುಟುಂಬ' ಎಂದಿಟ್ಟುಕೊಳ್ಳಿ. ಅಮ್ಮ ಒಳಗೆ ಒಬ್ಬಳೇ ಕುಸ್ವಾರಿಗೆ, ಅಂದರೆ ಕ್ರಿಸ್‌ಮಸ್ ತಿಂಡಿಗಳಿಗೆ, ಕೂತಿದ್ದಾಳೆ. ಕಿಡಿಯೊ ಎಂಬ ಪುಟ್ಟ ಸುರುಳಿ ತಿಂಡಿ ಒಂದೊಂದನ್ನೂ ಫೋರ್ಕಿನ ಬೆನ್ನಿನ ಮೇಲೆ ಉರುಟಿಸಬೇಕು, ಎರಡು ಕಿಲೋ ಮೈದಾ ಎಂದರೆ ಸೊಂಟ ಹಿಡಿಯುವಷ್ಟು ಕೆಲಸ. ಅಪ್ಪ ಸೀರಿಯಲ್ ಸೆಟ್ಟಿನಲ್ಲಿ ಸತ್ತ ಬಲ್ಬು ಹುಡುಕುತ್ತಿದ್ದಾನೆ. ದೊಡ್ಡ ಮಗ ದುಬೈನಿಂದ ವಿಡಿಯೋ ಕಾಲ್‌ನಲ್ಲಿ "ನಕ್ಷತ್ರ ಸ್ವಲ್ಪ ಎಡಕ್ಕೆ ಡ್ಯಾಡಿ" ಎನ್ನುತ್ತಿದ್ದಾನೆ. ಅಷ್ಟರಲ್ಲಿ ಗೇಟಿನ ಹತ್ತಿರ ಬೇರೆ ಊರಿನಿಂದ ಕೆಲಸಕ್ಕೆ ಬಂದ ಬಡಗಿಯೊಬ್ಬ, ತುಂಬಿದ ಬಸುರಿ ಹೆಂಡತಿಯ ಜೊತೆ, ಔಟ್‌ಹೌಸ್ ಬಾಡಿಗೆಗೆ ಇದೆಯಾ ಎಂದು ಕೇಳುತ್ತಾನೆ. ಮದುವೆ ಸರ್ಟಿಫಿಕೇಟ್ ಇದೆಯಾ, ಆಧಾರ್ ಎಲ್ಲಿಯದು, ಅಡ್ವಾನ್ಸ್ ಎಷ್ಟು ಕೊಡುತ್ತೀರಿ ಎಂದು ವಿಚಾರಿಸಿ, ಮಗು ಆದಮೇಲೆ ರಾತ್ರಿ ಗಲಾಟೆ ಎಂದು ಕಳಿಸಿಬಿಡುತ್ತಾರೆ. ಔಟ್‌ಹೌಸಿನಲ್ಲಿ ಕಳೆದ ವರ್ಷದ ಥರ್ಮಾಕೋಲ್ ಬೇರೆ ತುಂಬಿದೆ.

ಜನವರಿ 7ಕ್ಕೆ ಬಿಚ್ಚುವ ಕೆಲಸ. ಪಂಪ್ ಒರಸಿ ಡಬ್ಬಕ್ಕೆ, ವಿಗ್ರಹಗಳು ಹಳೇ ಪೇಪರಿನಲ್ಲಿ ಸುತ್ತಿ ಅಟ್ಟಕ್ಕೆ. ಥರ್ಮಾಕೋಲ್ ಸುಡಬೇಡಿ, ಹೊಗೆ ವಿಷ. ಕಸದ ಗಾಡಿಯವರೂ ಗೊಣಗುತ್ತಾರೆ. ಬೈಹುಲ್ಲನ್ನಾದರೂ ಪಕ್ಕದ ಮನೆಯ ದನಕ್ಕೆ ಹಾಕೋಣವೆಂದರೆ ಅದರ ತುಂಬಾ ಮಿನುಗುಪುಡಿ, ಫೆವಿಕಾಲ್. ಆಚೆಮನೆಯಾಕೆ ಒಮ್ಮೆ ಮೂಸಿ ನೋಡಿ, "ಇದು ದನ ತಿನ್ನುವ ಹುಲ್ಲಲ್ಲ ಬಾಯಮ್ಮ, ಪ್ರೈಜು ಬಂದ ಹುಲ್ಲು, ನೀವೇ ಇಟ್ಟುಕೊಳ್ಳಿ" ಎಂದು ವಾಪಸ್ ಕೊಡುತ್ತಾಳೆ.