ಆ ಗಾಡಿ ಎಲ್ಲಿಗೆ ಹೋಗುತ್ತೆ?

ಶುಗರ್ ಬಂದ ಮೇಲೆ ನನ್ನ ವಾಕಿಂಗ್ ಪುರಾಣ ನಿಮಗೆಲ್ಲ ಗೊತ್ತೇ ಇದೆ. ಇವತ್ತು ಇನ್ನೂ ಪೂರ್ತಿ ಬೆಳಕು ಹರಿದಿರಲಿಲ್ಲ. ಚಿಕ್ಕಮಗಳೂರಿನ ನಮ್ಮ ಬಡಾವಣೆ ದಾಟಿದರೆ ಸಿಗುವ ಮೋರಿ ಹತ್ತಿರ ಸೆಪ್ಟಿಕ್ ಗುಂಡಿ ಖಾಲಿ ಮಾಡುವ ಒಂದು ಸಕ್ಕಿಂಗ್ ಗಾಡಿ ನಿಂತಿತ್ತು. ಪೈಪು ಹಳ್ಳದೊಳಗೆ. ಕಪ್ಪಗೆ, ದೋಸೆಹಿಟ್ಟಿನ ಹದದಲ್ಲಿ ಬೀಳುತ್ತಿದೆ. (ತಿಂಡಿ ಹೊತ್ತಲ್ಲಿ ಓದುತ್ತಿದ್ದರೆ ಕ್ಷಮಿಸಿ.)

ಕೂಗಾಡಿದೆ. ಡ್ರೈವರ್ ಹುಡುಗ ಬೀಡಿ ಕೂಡ ಆರಿಸಲಿಲ್ಲ. "ಸಾರ್, ನಿಮ್ಮನೆ ಗುಂಡೀನೂ ನಾನೇ ತೆಗ್ದಿದ್ದು. ಅವತ್ತು ಕೇಳ್ಲಿಲ್ವಲ್ಲ?"

ನಿಜ, ಕೇಳಿರಲಿಲ್ಲ. ಇನ್ನೂರು ರೂಪಾಯಿ ಕಮ್ಮಿ ಮಾಡ್ಕೊಳಪ್ಪ ಅಂತ ಚೌಕಾಸಿ ಮಾಡಿದ್ದೆ. ಆಮೇಲೆ ವಾಸನೆ ಅಂತ ಕಿಟಕಿ ಮುಚ್ಚಿಕೊಂಡು ಒಳಗೆ ಕೂತಿದ್ದೆ.

ಆ ಹಳ್ಳ ಯಗಚಿ ಹೊಳೆಗೆ ಸೇರುತ್ತೆ. ಯಗಚಿ ಬೇಲೂರಿನ ಡ್ಯಾಮಿಗೆ ಹೋಗುತ್ತೆ, ಮುಂದೆ ಗೊರೂರಿನ ಹತ್ತಿರ ಹೇಮಾವತಿಗೆ. ಬೇಲೂರಿನ ನೆಂಟರಿಗೆ ಹಬ್ಬಕ್ಕೆ ಚಿಕ್ಕಮಗಳೂರು ಕಾಫಿಪುಡಿ ಕಳಿಸುತ್ತೇನೆ. ಜೊತೆಗೆ ಇದೂ ಹೋಗುತ್ತೆ, ಕೊರಿಯರ್ ಚಾರ್ಜ್ ಇಲ್ಲದೆ.

ಸೆಪ್ಟಿಕ್ ಟ್ಯಾಂಕ್ ಕಟ್ಟಿಸಿಬಿಟ್ಟರೆ ಕೆಲಸ ಮುಗೀತು ಅಂದುಕೊಂಡಿದ್ದೇವೆ. ಎಲ್ಲಿ ಮುಗೀತು? ಗಸಿ ತಳದಲ್ಲಿ ಕೂರುತ್ತೆ, ಎರಡು ಮೂರು ವರ್ಷಕ್ಕೊಮ್ಮೆ ತೆಗೆಸಲೇಬೇಕು. ತೆಗೆದದ್ದು ಎಲ್ಲಿಗೆ? ಮನೆ ಕಟ್ಟುವಾಗ ಟೈಲ್ಸ್ ಬಣ್ಣಕ್ಕೆ ಒಂದು ವಾರ ಜಗಳ ಆಡಿದ ನಾವು ಇದನ್ನು ಕೇಳಲಿಲ್ಲ.

"ಯುಜಿಡಿ ಬರುತ್ತೆ ಬಿಡಿ" ಅಂತೀರಿ, ಅಂದರೆ ನೆಲದಡಿಯ ಒಳಚರಂಡಿ. ಬರಲಿ. ಪೈಪು ಬಂದರೂ ಅದರ ಕೊನೆಗೆ ಶುದ್ಧ ಮಾಡುವ ಘಟಕ ಬೇಕಲ್ಲ? ಅದೂ ಅಲ್ಲದೆ ಊರಾಚೆ ದಿನಕ್ಕೊಂದು ಲೇಔಟು ಏಳುತ್ತಿದೆ, ಹೋಂಸ್ಟೇಗಳಂತೂ ಲೆಕ್ಕವೇ ಇಲ್ಲ. ಪೈಪು ಅಲ್ಲಿಗೆ ಮುಟ್ಟುವ ತನಕ ಗಾಡಿ ಎಲ್ಲಿಗೆ ಹೋಗಬೇಕು?

ಇನ್ನು "ಒಳ್ಳೇ ಗೊಬ್ಬರ ಅಲ್ವಾ, ತೋಟಕ್ಕೆ ಬಿಡಲಿ" ಅನ್ನೋ ಪಂಡಿತರು. ಹಸಿ ಗಸಿಯಲ್ಲಿರುವ ಜಂತುಹುಳದ ಮೊಟ್ಟೆ ಮಣ್ಣಲ್ಲಿ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತೆ. ಆ ತೋಟದ ಸೊಪ್ಪನ್ನು ಮೊದಲು ನೀವು ತಿನ್ನಿ, ಆಮೇಲೆ ಮಾತಾಡೋಣ.

ಗೊಬ್ಬರ ಆಗುತ್ತೆ, ಆದರೆ ಸುಮ್ನೆ ಆಗಲ್ಲ. ದೇವನಹಳ್ಳಿಯಲ್ಲಿ 2015ರಲ್ಲೇ ಇದಕ್ಕೊಂದು ಘಟಕ ಶುರುವಾಯಿತು. ಸಾಮರ್ಥ್ಯ ದಿನಕ್ಕೆ 6,000 ಲೀಟರ್, ಅಂದರೆ ಒಂದೆರಡು ಗಾಡಿ ಲೋಡು ಅಷ್ಟೇ. ಗಸಿಯನ್ನು ಕೊಳೆಸಿ, ಮರಳಿನ ಹಾಸಿನ ಮೇಲೆ ಒಣಗಿಸಿ, ಊರಿನ ಹಸಿಕಸದ ಜೊತೆ ಕಾಂಪೋಸ್ಟ್ ಮಾಡುತ್ತಾರೆ. ಬಸಿದ ನೀರನ್ನೂ ಶುದ್ಧ ಮಾಡುತ್ತಾರೆ. ರಾಕೆಟ್ ವಿಜ್ಞಾನ ಏನಲ್ಲ, ಕಾಫಿ ಒಣಗಿಸುವ ಕಣ ನೋಡಿದವರಿಗೆ ಅರ್ಥವಾಗುವಂಥದ್ದು. ನಮ್ಮೂರಲ್ಲಿ ಪ್ರತಿ ಗಾಡಿಯೂ ಅಂಥ ಒಂದು ಜಾಗಕ್ಕೇ ಹೋಗಿ ರಸೀದಿ ತರಬೇಕು. ರಸೀದಿ ತೋರಿಸದಿದ್ದರೆ ದುಡ್ಡು ಕೊಡಬಾರದು. ನಾನು ಕೇಳುತ್ತಿರುವುದು ಇಷ್ಟೇ.

ಇಷ್ಟೆಲ್ಲ ಬರೆಯುತ್ತಾ ಕೂತಿದ್ದರೆ ಮನೆಯವಳು ಬಂದು "ಬಚ್ಚಲಲ್ಲಿ ನೀರು ಇಳೀತಿಲ್ಲ ರೀ, ಆ ಗಾಡಿಯವನ ನಂಬರ್ ಇದ್ಯಾ?" ಅಂತ ಕೇಳುತ್ತಿದ್ದಾಳೆ.

ಇದೆ. ಇನ್ನೂ ಕೊಟ್ಟಿಲ್ಲ.