ಸ್ಪಷ್ಟನೆ: ಮೇವೆದರ್ ಹೊಸಬನಿಗೆ ಕರುಣೆ ತೋರಿಸಿದ್ದಲ್ಲ

'ಮೆಗ್ರೆಗರ್ ಬಾಕ್ಸಿಂಗ್‌ಗೆ ಹೊಸಬ ಅಂತ ಮೇವೆದರ್ ಮೊದಲ ಸುತ್ತುಗಳಲ್ಲಿ ಪಾಪ ಅಂತ ಬಿಟ್ಟುಕೊಟ್ಟರು' ಎಂಬ ಮಾತು ಬಳ್ಳಾರಿ, ತೋರಣಗಲ್ಲಿನ ಹುಡುಗರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಫ್ಲಾಯ್ಡ್ ಮೇವೆದರ್ ಅಮೆರಿಕದ ಬಾಕ್ಸರ್; ಕಾನರ್ ಮೆಗ್ರೆಗರ್ ಗುದ್ದು, ಒದೆ, ಕುಸ್ತಿ ಎಲ್ಲ ಸೇರಿದ ಎಂಎಂಎ ಕಾದಾಟದ ಐರ್ಲೆಂಡ್ ಆಟಗಾರ. ಆ ಮಾತು ತಪ್ಪು.

2017ರ ಆಗಸ್ಟ್ 26ರಂದು ಇಬ್ಬರ ನಡುವೆ ನಡೆದ ಆ ಬಾಕ್ಸಿಂಗ್ ಪಂದ್ಯದ ಆರಂಭದಲ್ಲಿ ಮೇವೆದರ್ ಕಡಿಮೆ ಹೊಡೆದದ್ದು ನಿಜ. ಅದು ಕರುಣೆಯಲ್ಲ, ಎದುರಾಳಿಯ ಉಸಿರು ಖಾಲಿ ಮಾಡಿಸುವ ಲೆಕ್ಕಾಚಾರ. ಪಂದ್ಯ ಮುಗಿದ ಮೇಲೆ ಅವರೇ ಹೇಳಿದ್ದಾರೆ. ಗುರಿ ತಪ್ಪಿದ ಗುದ್ದು ಬಹಳ ದಣಿಸುತ್ತದೆ: ಗಾಳಿಗೆ ಹೋದ ತೋಳನ್ನು ತಡೆದು ಹಿಂದಕ್ಕೆಳೆಯುವ ಭಾರ ಹೆಚ್ಚಾಗಿ ಭುಜದ ಮೇಲೆ. ಮೆಗ್ರೆಗರ್ ಪಳಗಿದ್ದು ಹೆಚ್ಚೆಂದರೆ 25 ನಿಮಿಷದ ಎಂಎಂಎ ಕಾದಾಟಕ್ಕೆ. ಇಲ್ಲಿ 3 ನಿಮಿಷದ 12 ಸುತ್ತು, ಒಟ್ಟು 36 ನಿಮಿಷ. ಒಂಬತ್ತನೇ ಸುತ್ತಿಗೆ ಅವರ ಕೈ ಇಳಿದಿತ್ತು, ಕಾಲು ತಡವರಿಸುತ್ತಿತ್ತು. ಹತ್ತರಲ್ಲಿ ರೆಫರಿ ಪಂದ್ಯ ನಿಲ್ಲಿಸಿದರು, ಮೇವೆದರ್ ಗೆದ್ದರು.

ವಿಡಿಯೊ ಮತ್ತೆ ಹಾಕಿದಾಗ ಮುಖ ಬಿಟ್ಟು ಪಾದ ನೋಡಿ: ಆರಂಭದ ಸುತ್ತುಗಳು ಕಳೆದ ಮೇಲೆ ಮುಂದೆ ಮುಂದೆ ಹೆಜ್ಜೆ ಇಡುತ್ತಿರುವುದು ಮೇವೆದರ್.